ಲೋಹದ ಪಕ್ಕ ಎಂಆರ್‌ಐ ವಿಳಾಸ ತಪ್ಪುವುದು ಯಾಕೆ?

ಸೊಂಟದ ಕೀಲು ಬದಲಾಯಿಸಿಕೊಂಡವರ ಹಳೆಯ ಎಂಆರ್‌ಐ ನೋಡಿದರೆ, ಕೀಲು ಇರಬೇಕಾದ ಕಡೆ ದೊಡ್ಡ ಕಪ್ಪು ಕಲೆ. ಅಂಚಿನಲ್ಲಿ ಕಣ್ಣು ಕುಕ್ಕುವ ಬಿಳಿ ಗೆರೆ. ಕಲೆ ಲೋಹಕ್ಕಿಂತ ಎಷ್ಟೋ ದೊಡ್ಡದು.

ಇದರ ಬೇರು ಎಂಆರ್‌ಐ ಹುಟ್ಟಿದ ಉಪಾಯದಲ್ಲೇ ಇದೆ. 1973ರಲ್ಲಿ ವಿಜ್ಞಾನಿ ಪಾಲ್ ಲಾಟರ್ಬರ್ ತೋರಿಸಿದ್ದು ಇಷ್ಟು: ಕಾಂತಕ್ಷೇತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪ ಏರಿಸಿದರೆ, ಹೈಡ್ರೋಜನ್ ಒಂದೊಂದು ಜಾಗದಲ್ಲಿ ಒಂದೊಂದು ಆವರ್ತನದಲ್ಲಿ ಸಂಕೇತ ಕೊಡುತ್ತದೆ. ಆವರ್ತನವೇ ವಿಳಾಸ. 1.5 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಜ್. ಲೋಹ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ; ಹಾಗಾಗಿ ಕೋಬಾಲ್ಟ್-ಕ್ರೋಮಿಯಂ ಲೋಹದ ಕೀಲಿನ ಪಕ್ಕ ಅದೇ ಆವರ್ತನ ಸಾವಿರಾರು ಹರ್ಟ್ಜ್ ಆಚೀಚೆ ಸರಿಯುತ್ತದೆ. ಯಂತ್ರಕ್ಕೆ ಇದು ಗೊತ್ತಾಗಬೇಕಲ್ವಾ? ಗೊತ್ತಾಗುವುದಿಲ್ಲ. ಇಲ್ಲಿಯ ಸಂಕೇತವನ್ನು ಅಲ್ಲಿ ಗುಡ್ಡೆ ಹಾಕುತ್ತದೆ: ಖಾಲಿಯಾದ ಜಾಗ ಕಪ್ಪು, ಗುಡ್ಡೆ ಬಿದ್ದ ಜಾಗ ಬಿಳಿ. ಟೈಟಾನಿಯಂ ಕಾಟ ಕಡಿಮೆ, ಸ್ಟೀಲಿನದು ಬಲು ಜಾಸ್ತಿ. (ಚಿತ್ರ ಕೆಡುವುದು ಬೇರೆ, ಅಪಾಯ ಬೇರೆ. ಚಿತ್ರ ಕೆಡಿಸುವ ಎಷ್ಟೋ ಇಂಪ್ಲಾಂಟ್‌ಗಳು ಸ್ಕ್ಯಾನಿಗೆ ಸುರಕ್ಷಿತವೇ.)

ಮೊದಲು ಸಿಕ್ಕಿದ್ದು ಚಿಕ್ಕಪುಟ್ಟ ಮದ್ದುಗಳು: 3 ಟೆಸ್ಲಾ ಬಿಟ್ಟು 1.5ರಲ್ಲಿ ತೆಗೆಯುವುದು, ಬ್ಯಾಂಡ್‌ವಿಡ್ತ್ (ಒಮ್ಮೆಗೆ ಹಿಡಿಯುವ ಆವರ್ತನಗಳ ಹರವು) ಏರಿಸುವುದು, ಸ್ಪಿನ್ ಎಕೋ (ಚದುರಿದ ಸಂಕೇತವನ್ನು ಇನ್ನೊಂದು ರೇಡಿಯೋ ಮಿಡಿತದಿಂದ ಮತ್ತೆ ಒಗ್ಗೂಡಿಸುವ ವಿಧಾನ) ಬಳಸುವುದು. 1988ರಲ್ಲಿ ಬಂದ 'ವ್ಯೂ ಆಂಗಲ್ ಟಿಲ್ಟಿಂಗ್' ಎಂಬ ವಿಧಾನ ಚಿತ್ರದೊಳಗೆ ಸಂಕೇತ ಜಾಗ ಸರಿಯುವುದನ್ನು ತಿದ್ದಿತು. ಆದರೆ ಸ್ಲೈಸ್ (ಚಿತ್ರ ತೆಗೆಯುವ ದೇಹದ ತೆಳು ಪದರ) ತಾನೇ ಬಿಸಿಲಿಗೆ ಸೊಟ್ಟಗಾದ ಹಲಗೆಯಂತೆ ಬಾಗಿರುತ್ತದೆ. ಅದಕ್ಕೆ ಈ ಮದ್ದು ನಾಟಲಿಲ್ಲ.

2009ರಲ್ಲಿ ಎರಡು ದಾರಿ ಒಟ್ಟಿಗೇ ತೆರೆದವು. ಒಂದು, ಸೆಮ್ಯಾಕ್ ಎಂಬ ವಿಧಾನ: ಇದು ಪ್ರತಿ ಸ್ಲೈಸ್‌ನ ದಪ್ಪದ ದಿಕ್ಕಿನಲ್ಲೂ ಅಳತೆ ತೆಗೆದು, ಪಕ್ಕದ ಸ್ಲೈಸ್‌ಗೆ ನುಗ್ಗಿದ ಸಂಕೇತವನ್ನು ಹುಡುಕಿ ವಾಪಸ್ ತರುತ್ತದೆ. ಇನ್ನೊಂದು ವಿಧಾನ ಮಾವ್ರಿಕ್‌ನದು ರೇಡಿಯೋ ತಿರುಗಿಸಿದ ಹಾಗೆ: ಒಂದೊಂದು ಆವರ್ತನ ಪಟ್ಟಿಯನ್ನು ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ, ಕೊನೆಗೆ ಕೂಡಿಸುತ್ತದೆ. ಕೆಲವೇ ವರ್ಷಗಳಲ್ಲಿ ಎರಡನ್ನೂ ಬೆರೆಸಿದ ವಿಧಾನವೂ ಬಂತು.

ಇವು ಬಂದ ಹೊತ್ತೂ ಸರಿಯಾಗಿತ್ತು. ಲೋಹಕ್ಕೆ ಲೋಹ ಉಜ್ಜುವ ಸೊಂಟದ ಕೀಲುಗಳಿಂದ ಉದುರಿದ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸುತ್ತಿದ್ದವು. 2010ರಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ಎಚ್ಚರಿಕೆ ಹೊರಡಿಸಿತು. ನೋಡಬೇಕಾದ ಮಾಂಸ ಇದ್ದದ್ದು ಕಪ್ಪು ಕಲೆಯ ಅಂಚಿನಲ್ಲೇ.

ಬೆಲೆ ಎಂದರೆ ಸಮಯ. ಸ್ಕ್ಯಾನ್ ಉದ್ದವಾದಷ್ಟೂ ರೋಗಿ ಅಲುಗಾಡದೆ ಮಲಗಬೇಕು. ಕಡಿಮೆ ಅಳತೆಯಿಂದ ಪೂರ್ತಿ ಚಿತ್ರ ಕಟ್ಟುವ ಲೆಕ್ಕಾಚಾರಗಳು ಅದನ್ನು ಮೊಟಕುಗೊಳಿಸಿವೆ. ಆದರೂ ಲೋಹಕ್ಕೆ ತೀರಾ ಅಂಟಿಕೊಂಡ ಕಡೆ ಕ್ಷೇತ್ರ ಎಷ್ಟು ಕಡಿದಾಗಿ ಬದಲಾಗುತ್ತದೆ ಎಂದರೆ, ಅಲ್ಲಿ ಇಂದಿಗೂ ಒಂದು ತೆಳು ಅಂಚು ಮಸುಕಾಗಿಯೇ ಉಳಿಯುತ್ತದೆ.