ಮದ್ದಿಗೂ ಚರೆಗೂ ನಡುವೆ ಒಂದು ಉಣ್ಣೆಯ ಬಿಲ್ಲೆ

ಹಳೆಯ ಮಾದರಿಯ ಶಾಟ್‌ಗನ್ ತೋಟಾವನ್ನು ಉದ್ದಕ್ಕೆ ಸೀಳಿದರೆ ಒಳಗೆ ಏನಿರುತ್ತದೆ? ತಳದಲ್ಲಿ ಹಿತ್ತಾಳೆಯ ಬುಡ, ಅದರ ನಟ್ಟನಡುವೆ ಮದ್ದಿಗೆ ಕಿಡಿ ಹಚ್ಚುವ ಕೇಪು. ಕೇಪಿನ ಮೇಲೆ ಒಂದಿಷ್ಟು ಮದ್ದು. ಬಾಯಿಯ ಕಡೆ ಸೀಸದ ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳು. ಇವೆರಡರ ನಡುವೆ ಸಾಕಷ್ಟು ಜಾಗ ಹಿಡಿದು ಕೂತಿರುವುದು ಮಾತ್ರ ಸಿಡಿಯುವ ವಸ್ತುವೂ ಅಲ್ಲ, ಗುರಿ ಮುಟ್ಟುವ ವಸ್ತುವೂ ಅಲ್ಲ. ಅದು ರಟ್ಟು ಮತ್ತು ಉಣ್ಣೆಯಿಂದ ಕತ್ತರಿಸಿದ ದುಂಡನೆಯ ಬಿಲ್ಲೆಗಳ ಸಾಲು. ಇವಕ್ಕೆ ವಾಡ್ ಎನ್ನುತ್ತಾರೆ. ಕೋವಿಯ ಬಗ್ಗೆ ಮಾತಾಡುವವರು ಮದ್ದಿನ ಜೋರು, ಚರೆಯ ಗಾತ್ರ, ನಳಿಗೆಯ ಉದ್ದ ಎಲ್ಲವನ್ನೂ ಹೇಳುತ್ತಾರೆ. ಬಿಲ್ಲೆಗಳ ಸುದ್ದಿ ಬರುವುದು ಅಪರೂಪ. ಆದರೆ ನಳಿಗೆಯಿಂದ ಹೊರಬಿದ್ದ ಚರೆ ಎಷ್ಟು ಅಗಲಕ್ಕೆ, ಎಷ್ಟು ಸಮನಾಗಿ ಹರಡುತ್ತದೆ ಎಂಬುದನ್ನು ತೀರ್ಮಾನಿಸುವುದರಲ್ಲಿ ಈ ಬಿಲ್ಲೆಗಳ ಪಾಲೂ ದೊಡ್ಡದು ಎಂದು ನನಗೆ ಅನಿಸುತ್ತದೆ. ಅದರ ಹಿಂದಿನ ಭೌತವಿಜ್ಞಾನ ಬಹಳ ಸೊಗಸಾಗಿದೆ.

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಮತ್ತು ಬ್ರಿಟನ್ನಿನಲ್ಲಿ ಕೆಲವು ಬೇಟೆಗಾರರು ಇಂದಿಗೂ ಇಂಥ ತೋಟಾಗಳನ್ನು ಮನೆಯಲ್ಲೇ ಕೈಯಾರೆ ತುಂಬಿಕೊಳ್ಳುತ್ತಾರೆ. ಅವರು ಹೋಗುವುದು ಬಾತುಕೋಳಿಯ ಬೇಟೆಗಲ್ಲ. ಪೊದೆ, ಕುರುಚಲು ಕಾಡು, ಹುಲ್ಲುಗಾವಲುಗಳಲ್ಲಿರುವ ಒಣನೆಲದ ಹಕ್ಕಿಗಳಿಗೆ. ರಫ್ಡ್ ಗ್ರೌಸ್, ವುಡ್‌ಕಾಕ್, ಬಾಬ್‌ವೈಟ್ ಕ್ವೇಲ್, ಫೆಸೆಂಟ್ ಇವೆಲ್ಲ ಆ ಗುಂಪಿನವು. ಅಮೆರಿಕದಲ್ಲಿ ಇದಕ್ಕೆ ಪರವಾನಗಿ, ಋತು, ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿ ಎಲ್ಲವೂ ಇವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಕಾಡುಕೋಳಿಯನ್ನಾಗಲೀ ಗೌಜಲನ್ನಾಗಲೀ ಬೇಟೆಯಾಡುವ ಮಾತೇ ಇಲ್ಲ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುವುದು, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವುದು ಉಳಿದುಕೊಂಡಿದೆ. ಮಲೆನಾಡಿನ ಹಳೆಯ ಕೇಪಿನ ಕೋವಿಗಳ ಕಾಲದಲ್ಲಿ ಬಾಯಿಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರನ್ನೋ ಚಿಂದಿ ಬಟ್ಟೆಯನ್ನೋ ಗಜದಿಂದ ಜಡಿದು, ಆಮೇಲೆ ಚರೆ ಹಾಕುತ್ತಿದ್ದರು. ಆ ನಾರು ಮಾಡುತ್ತಿದ್ದ ಕೆಲಸವನ್ನೇ ತೋಟಾದೊಳಗಿನ ಬಿಲ್ಲೆ ಮಾಡುತ್ತದೆ.

ಆ ಕೆಲಸ ಎರಡು ಬಗೆಯದು, ಮತ್ತು ಅವೆರಡೂ ಒಂದಕ್ಕೊಂದು ವಿರುದ್ಧ.

ಮೊದಲನೆಯದು ಅನಿಲವನ್ನು ತಡೆಯುವುದು. ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲ ಚರೆಯನ್ನು ಹಿಂದಿನಿಂದ ತಳ್ಳಬೇಕು; ಚರೆಗಳ ಸಂದಿಯಲ್ಲಿ ನುಸುಳಿ ಮುಂದೆ ಹೋಗಬಾರದು. ಸೈಕಲ್ ಪಂಪಿನ ತೊಗಲಿನ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಹಿಂದಕ್ಕೇ ಸೋರುತ್ತದಲ್ಲ, ಹಾಗೆ ಬಿಲ್ಲೆ ಸಡಿಲವಾದರೆ ಹೊಡೆತದ ಬಲವೇ ಹೋಗುತ್ತದೆ. ಅಷ್ಟೇ ಅಲ್ಲ, ಸೋರಿದ ಅನಿಲದ ಶಾಖಕ್ಕೆ ಚರೆಗಳ ಅಂಚು ಕರಗಿ ನಾಲ್ಕಾರು ಚರೆ ಒಂದಕ್ಕೊಂದು ಅಂಟಿಕೊಂಡು ಒಂದೇ ಗಟ್ಟಿಯಾಗಿ ಹಾರುವುದುಂಟು. ಬಿಡಿ ಚರೆ ಬೇಗ ವೇಗ ಕಳೆದುಕೊಂಡು ಬೀಳುತ್ತದೆ; ಇಂಥ ಗಟ್ಟಿ ಊಹಿಸಿದ್ದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಆದ್ದರಿಂದ ಮದ್ದಿನ ನೆತ್ತಿಯ ಮೇಲೇ ಕೂರುವ ಬಿಲ್ಲೆ ಗಟ್ಟಿಯಾಗಿರಬೇಕು. ಸುಮಾರು 3 ಮಿ.ಮೀ. ದಪ್ಪದ ಬಿಗಿ ರಟ್ಟನ್ನು ಇದಕ್ಕೆ ಬಳಸುತ್ತಾರೆ.

ಎರಡನೆಯ ಕೆಲಸ ಹೊಡೆತವನ್ನು ಮೆತ್ತಗಾಗಿಸುವುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡೋಣ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಒಳಗಿನ ಒತ್ತಡ ವಾತಾವರಣದ ಒತ್ತಡದ 600 ಪಟ್ಟು ಮುಟ್ಟಿತು ಎಂದುಕೊಂಡರೆ ಬಿಲ್ಲೆಯ ಬೆನ್ನಿಗೆ ಬೀಳುವ ಬಲ ಒಂದೂವರೆ ಟನ್ನಿಗೂ ಹೆಚ್ಚು. ಎದುರಿಗಿರುವ ಚರೆಯ ತೂಕವೋ, ಬರೀ 28 ಗ್ರಾಂ. ಏಳೂವರೆ ನಂಬರಿನ ಚರೆಯಾದರೆ ಒಂದೊಂದರ ವ್ಯಾಸ 2.4 ಮಿ.ಮೀ., 28 ಗ್ರಾಮಿಗೆ ಸುಮಾರು 350 ಚರೆ. ತೋಟಾದೊಳಗೆ ಅವು ಹೆಚ್ಚುಕಡಿಮೆ ಏಳೆಂಟು ಪದರಗಳಾಗಿ ಕೂರುತ್ತವೆ. ಆ ಒಂದು ಕ್ಷಣ ಪ್ರತಿ ಚರೆಯೂ ತನ್ನ ತೂಕದ ಐವತ್ತು ಸಾವಿರ ಪಟ್ಟು ಭಾರವಾಗುತ್ತದೆ. ಮೇಲಿನ ಪದರ ತನ್ನ ಭಾರವನ್ನಷ್ಟೇ ಹೊತ್ತರೆ ಸಾಕು. ಕೆಳಗಿನ ಪದರ ಇಡೀ ಸಾಲನ್ನು ಹೊರಬೇಕು. ಅಲ್ಲಿನ ಒಂದೊಂದು ಚರೆಯ ಮೇಲೂ ಸುಮಾರು 30 ಕೆ.ಜಿ. ಬೀಳುತ್ತದೆ. ಸೀಸ ಉಗುರಿನಲ್ಲಿ ಗೀರಿದರೂ ಗೆರೆ ಮೂಡುವಷ್ಟು ಮೃದು. ಚರೆ ಚಪ್ಪಟೆಯಾಗದೆ ಇನ್ನೇನಾದೀತು?

ಚಪ್ಪಟೆಯಾದ ಚರೆ ನೇರ ಹೋಗುವುದಿಲ್ಲ. ದುಂಡಗಿದ್ದರೆ ಗಾಳಿ ಎಲ್ಲ ಕಡೆಯಿಂದ ಒಂದೇ ಸಮ ತಡೆಯುತ್ತದೆ. ಒಂದು ಮಗ್ಗುಲು ತಟ್ಟೆಯಾಗಿದ್ದರೆ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ವೇಗವನ್ನೂ ಬೇಗ ಕಸಿದುಕೊಳ್ಳುತ್ತದೆ. ಸರಿಯಾದ ದುಂಡು ಚರೆಯೇ ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಹೊರಟು 40 ಗಜ ದಾಟುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ವೇಗ ಕಳೆದುಕೊಂಡಿರುತ್ತದೆ. ಆಕಾರ ಕೆಟ್ಟ ಚರೆಯ ಪಾಡು ಇನ್ನೂ ಕಡೆ. ದುಂಡುತನಕ್ಕಾಗಿ ಮನುಷ್ಯ ಪಟ್ಟ ಪಾಡು ದೊಡ್ಡದು. ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬ ಪ್ಲಂಬರ್ 1782ರಲ್ಲಿ ಇದಕ್ಕೊಂದು ಪೇಟೆಂಟ್ ಪಡೆದ. ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ಬೀಳಿಸಿದರೆ ಬೀಳುತ್ತಾ ಬೀಳುತ್ತಾ ಮೇಲ್ಮೈ ಎಳೆತದಿಂದ ಹನಿ ದುಂಡಗಾಗಿ ಗಟ್ಟಿಯಾಗುತ್ತದೆ. ಕೆಳಗಿನ ನೀರಿನ ತೊಟ್ಟಿ ಅದನ್ನು ತಣಿಸುತ್ತದೆ. ಸೀಸಕ್ಕೆ ಒಂದಿಷ್ಟು ಆರ್ಸೆನಿಕ್ ಬೆರೆಸಿದರೆ ಹನಿ ಇನ್ನೂ ಚೆನ್ನಾಗಿ ದುಂಡಗಾಗುತ್ತದೆ, ಆಂಟಿಮನಿ ಬೆರೆಸಿದರೆ ಚರೆ ಗಡುಸಾಗುತ್ತದೆ. ಇಷ್ಟೆಲ್ಲ ಮಾಡಿ ದುಂಡಗಾಗಿಸಿದ್ದನ್ನು ಕೋವಿ ಒಂದು ಮಿಲಿಸೆಕೆಂಡಿನೊಳಗೆ ಹಾಳುಮಾಡಬಾರದು ಎಂದೇ ರಟ್ಟಿನ ಮೇಲೆ ಉಣ್ಣೆಯ ಫೆಲ್ಟ್ ಬಿಲ್ಲೆ ಇಡುವುದು. ಒತ್ತಡ ಏರುತ್ತಿದ್ದಂತೆ ಫೆಲ್ಟ್ ಕುಗ್ಗುತ್ತದೆ. ಅದು ಕುಗ್ಗಿದಷ್ಟೂ ಅನಿಲಕ್ಕೆ ಜಾಗ ಸಿಗುತ್ತದೆ, ಚರೆಗೆ ಸಿಗುವ ಮೊದಲ ಏಟು ಕೊಂಚ ಹದವಾಗುತ್ತದೆ. ಫೆಲ್ಟಿಗೆ ಜಿಡ್ಡು ಸವರಿರುತ್ತಾರೆ; ಹೋಗುವಾಗ ನಳಿಗೆಯ ಒಳಮೈ ಒರೆಸಿಕೊಂಡು ಹೋಗುತ್ತದೆ. ಆ ಜಿಡ್ಡು ಚರೆಗೆ ತಾಗದಂತೆ ಮೇಲೊಂದು ತೆಳು ರಟ್ಟು.

ಗಟ್ಟಿಯಾಗಿಯೂ ಇರಬೇಕು, ಮೆತ್ತಗೂ ಇರಬೇಕು ಎಂಬ ಬೇಡಿಕೆಯನ್ನು ಹಳಬರು ಒಂದೇ ವಸ್ತುವಿನ ಮೇಲೆ ಹೇರದೆ ಎರಡಕ್ಕೆ ಹಂಚಿಕೊಟ್ಟರು. ನನಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸುವುದು ಇದೇ.

ತುಂಬುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಡೆದು ಖಾಲಿಯಾದ ತೋಟಾದ ಹಳೆಯ ಕೇಪು ತೆಗೆದು ಹೊಸದು ಕೂರಿಸುತ್ತಾರೆ. ಮದ್ದನ್ನು ತಕ್ಕಡಿಯಲ್ಲಿ ತೂಗಿ ಸುರಿಯುತ್ತಾರೆ. ದಪ್ಪ ರಟ್ಟನ್ನು ಬಾಯಲ್ಲಿಟ್ಟು ಮರದ ಕಡ್ಡಿಯಿಂದ ಒತ್ತುತ್ತಾರೆ. ಅದು ಓರೆಯಾಗದೆ ಸಮತಲವಾಗಿ ಇಳಿಯಬೇಕು, ಓರೆಯಾದರೆ ಒಂದು ಬದಿಯಿಂದ ಅನಿಲ ಸೋರುತ್ತದೆ. ಆಮೇಲೆ ಫೆಲ್ಟ್, ತೆಳು ರಟ್ಟು, ಚರೆ. ಕೊನೆಗೆ ಚರೆಯ ಮೇಲೆ ಹಾಳೆಯಂಥ ಒಂದು ಮುಚ್ಚಳ ರಟ್ಟು. ಅಷ್ಟಾದ ಮೇಲೆ ಬಾಯಿಯಲ್ಲಿ ಕೆಲವೇ ಮಿಲಿಮೀಟರ್ ಅಂಚು ಉಳಿಯಬೇಕು. ಮೇಜಿನ ಅಂಚಿಗೆ ಬಿಗಿದ ಪುಟ್ಟ ಯಂತ್ರಕ್ಕೆ ತೋಟಾ ಸಿಕ್ಕಿಸಿ ಹಿಡಿ ತಿರುಗಿಸಿದರೆ ಆ ಅಂಚು ಒಳಕ್ಕೆ ಸುರುಳಿಸುತ್ತಿಕೊಂಡು ಮುಚ್ಚಳವನ್ನು ಕಚ್ಚಿ ಹಿಡಿಯುತ್ತದೆ. ಅಂಚು ಹೆಚ್ಚಿದ್ದರೂ ಕಡಿಮೆಯಿದ್ದರೂ ಸುರುಳಿ ಸರಿ ಬರುವುದಿಲ್ಲ. ಅದಕ್ಕೇ ಬೇರೆ ಬೇರೆ ದಪ್ಪದ ಫೆಲ್ಟ್ ಬಿಲ್ಲೆಗಳನ್ನು ಇಟ್ಟುಕೊಂಡಿರುತ್ತಾರೆ. ಮದ್ದು ಹಿಡಿಸುವ ಜಾಗ ಹೆಚ್ಚುಕಡಿಮೆಯಾದರೆ ಫೆಲ್ಟಿನ ದಪ್ಪ ಬದಲಿಸಿ ಒಟ್ಟು ಎತ್ತರ ಸರಿದೂಗಿಸುತ್ತಾರೆ.

ಇಷ್ಟು ಓದಿ ಇದನ್ನು ಕಣ್ಣಳತೆಯ ಕಸುಬು ಎಂದುಕೊಳ್ಳಬಾರದು. ಹೊಗೆಯಿಲ್ಲದ ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡವನ್ನು ಅವಲಂಬಿಸಿದೆ: ಒತ್ತಡ ಹೆಚ್ಚಾದರೆ ಬೇಗ ಉರಿಯುತ್ತದೆ, ಬೇಗ ಉರಿದರೆ ಒತ್ತಡ ಮತ್ತೂ ಹೆಚ್ಚುತ್ತದೆ. ಸುರುಳಿಯ ಬಿಗಿ, ರಟ್ಟಿನ ಅಳತೆ, ಕೇಪಿನ ಬಗೆ, ಇವುಗಳಲ್ಲಿ ಒಂದನ್ನು ಬದಲಿಸಿದರೂ ಒತ್ತಡ ಅಂದಾಜು ಮೀರಿ ಏರಬಹುದು. ಹಿಂದೆ ಕರಿಮದ್ದನ್ನು ಅಳತೆಯ ಬಟ್ಟಲಿನಲ್ಲಿ ತುಂಬುತ್ತಿದ್ದರು. ಹೊಗೆಯಿಲ್ಲದ ಮದ್ದು ಬಂದಾಗ ಅದೇ ಬಟ್ಟಲು ಬಳಸಿ ಕೋವಿ ಸಿಡಿಸಿಕೊಂಡವರಿದ್ದಾರೆ. ಅದೇ ಕೆಲಸಕ್ಕೆ ಹೊಸ ಮದ್ದು ತೂಕದಲ್ಲಿ ತೀರ ಕಡಿಮೆ ಸಾಕಾಗುತ್ತದೆ. ಹೀಗಾಗಿ ಕೈಯಾರೆ ತುಂಬುವವರು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಪ್ರಕಟಿಸಿದ ಕೋಷ್ಟಕವನ್ನು ಅಕ್ಷರಶಃ ಪಾಲಿಸುತ್ತಾರೆ, ತಮ್ಮದನ್ನು ಸೇರಿಸುವುದಿಲ್ಲ.

1960ರ ದಶಕದಲ್ಲಿ ಪ್ಲಾಸ್ಟಿಕ್ ಬಂದು ಈ ಸಾಲನ್ನೆಲ್ಲ ಒಂದೇ ತುಂಡಿಗೆ ಇಳಿಸಿತು. ಕೆಳಗೆ ಅನಿಲ ತಡೆಯುವ ತೆಳು ಅಂಚಿನ ಬಟ್ಟಲು, ನಡುವೆ ಮಡಚಿಕೊಳ್ಳುವ ಕಾಲುಗಳು, ಮೇಲೆ ಚರೆ ಕೂರುವ ಲೋಟ. ಒತ್ತಡ ಏರಿದಂತೆ ಬಟ್ಟಲಿನ ಅಂಚು ತಾನೇ ಅಗಲಿಸಿ ನಳಿಗೆಗೆ ಒತ್ತಿಕೊಳ್ಳುತ್ತದೆ. ರಟ್ಟು ಇಷ್ಟು ಚೆನ್ನಾಗಿ ತಡೆಯಲಾರದು. ಲೋಟದ ಉಪಕಾರವೂ ಚಿಕ್ಕದಲ್ಲ. ಹಳೆಯ ತೋಟಾದಲ್ಲಿ 350 ಚರೆಗಳಲ್ಲಿ ನೂರೈವತ್ತರಷ್ಟು ನಳಿಗೆಯ ಗೋಡೆಗೆ ತಾಗಿಕೊಂಡು, ಉಕ್ಕಿಗೆ ಉಜ್ಜಿಕೊಂಡೇ ಹೊರಬರಬೇಕು. ಲೋಟದೊಳಗಿನ ಚರೆಗೆ ಆ ಉಜ್ಜಾಟವಿಲ್ಲ.

ಹರಹನ್ನು ಅಳೆಯುವ ಕ್ರಮ ಸರಳ. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಹೆಚ್ಚು ತೂತುಗಳಿರುವ ಕಡೆ 30 ಅಂಗುಲದ ವೃತ್ತ ಎಳೆದು, ಒಟ್ಟು ಚರೆಯಲ್ಲಿ ಶೇಕಡಾ ಎಷ್ಟು ಅದರೊಳಗೆ ಬಿತ್ತು ಎಂದು ಎಣಿಸುವುದು. ಬಾಯಿ ಕಿರಿದು ಮಾಡದ ನಳಿಗೆಗೆ ಶೇ. 40, ತುದಿಯಲ್ಲಿ ಸುಮಾರು ಒಂದು ಮಿ.ಮೀ. ಕಿರಿದಾದ 'ಫುಲ್ ಚೋಕ್' ನಳಿಗೆಗೆ ಶೇ. 70 ಎಂಬುದು ರೂಢಿಯ ಲೆಕ್ಕ. ಪ್ಲಾಸ್ಟಿಕ್ ಲೋಟ ಬಂದ ಮೇಲೆ ಹಳೆಯ ಕೋವಿಗಳೂ ತಮ್ಮ ಮೇಲೆ ಕೆತ್ತಿದ ಚೋಕಿನ ಗುರುತಿಗಿಂತ ಬಿಗಿಯಾಗಿ ಹೊಡೆಯತೊಡಗಿದವು. ಬಾತುಕೋಳಿಯ ಬೇಟೆಗಾರನಿಗೆ ಇದು ಹಬ್ಬ.

ಗ್ರೌಸ್ ಬೇಟೆಗಾರನ ಕಥೆಯೇ ಬೇರೆ. ರಫ್ಡ್ ಗ್ರೌಸ್ ಇರುವುದು ಎಳೆಯ ಆಸ್ಪೆನ್ ಮರಗಳ ಒತ್ತು ಕಾಡಿನಲ್ಲಿ. ಕಾಲಬುಡದಿಂದಲೇ ಎಂಬಷ್ಟು ಹತ್ತಿರದಿಂದ ಭರ್ರೆಂದು ಎದ್ದು ಕ್ಷಣಾರ್ಧದಲ್ಲಿ ಎಲೆಗಳ ಹಿಂದೆ ಮಾಯವಾಗುತ್ತದೆ. ಹೊಡೆತ ಬೀಳುವುದು 15-20 ಗಜದಲ್ಲಿ. ಅಲ್ಲಿ ಫುಲ್ ಚೋಕಿನ ಹರಹು ಸುಮಾರು 40 ಸೆಂ.ಮೀ. ಅಗಲವಿದ್ದರೆ ಚೋಕಿಲ್ಲದ ನಳಿಗೆಯದು ಅದರ ಎರಡರಷ್ಟು, ಅಂದರೆ ವಿಸ್ತೀರ್ಣದಲ್ಲಿ ನಾಲ್ಕರಷ್ಟು. ಬಿಗಿ ಹರಹು ಒಂದೋ ಪೂರ್ತಿ ತಪ್ಪುತ್ತದೆ, ಇಲ್ಲವೇ ಹಕ್ಕಿಯನ್ನು ತಿನ್ನಲಾರದ ಹಾಗೆ ಚಿಂದಿ ಮಾಡುತ್ತದೆ. ಇಂಥ ಕಡೆ ರಟ್ಟು-ಫೆಲ್ಟಿನ ತೋಟಾ ಬೇಗ ಹರಡಿಕೊಳ್ಳುವುದೇ ಅನುಕೂಲ. ಪ್ರಯೋಗಾಲಯದ ಕಾಗದದ ಮೇಲೆ ದೋಷವಾಗಿ ಕಂಡದ್ದು ಪೊದೆಯ ನಡುವೆ ಗುಣ. ಕೆಲವರು ಇನ್ನೂ ಮುಂದೆ ಹೋಗಿ, ಚರೆಯ ನಡುವೆ ಕೂಡಿಸುವ ಗುರುತಿನ ಆಕಾರದ ತೆಳು ರಟ್ಟು ನಿಲ್ಲಿಸಿ ಹರಹನ್ನು ಮತ್ತಷ್ಟು ಅಗಲಿಸುತ್ತಾರೆ.

ಹಳೆಯ ಬಿಲ್ಲೆಗಳು ಮತ್ತೆ ಬಳಕೆಗೆ ಬರುತ್ತಿರುವುದಕ್ಕೆ ಇನ್ನೊಂದು ಬಲವಾದ ಕಾರಣ ನೆಲದ ಮೇಲೆ ಬಿದ್ದಿರುವ ಪ್ಲಾಸ್ಟಿಕ್. ಒಂದೊಂದು ಹೊಡೆತಕ್ಕೂ ಒಂದೊಂದು ಲೋಟ ಕೆಲವು ಗಜ ಮುಂದೆ ಹೋಗಿ ಬೀಳುತ್ತದೆ. ಹುಲ್ಲಿನಲ್ಲಿ ಹುಡುಕಿ ಹೆಕ್ಕುವುದು ಆಗದ ಮಾತು. ದನ ಕುರಿ ಮೇಯುವ ಬ್ರಿಟನ್ನಿನ ಎಷ್ಟೋ ಜಮೀನುಗಳಲ್ಲಿ ಫೈಬರ್ ಅಥವಾ ಫೆಲ್ಟ್ ಬಿಲ್ಲೆಯ ತೋಟಾ ಮಾತ್ರ ತನ್ನಿ ಎಂದು ಮಾಲೀಕರು ಷರತ್ತು ಹಾಕುತ್ತಾರೆ. ಉಣ್ಣೆ, ರಟ್ಟು ಮಳೆಗೆ ನೆನೆದು ಮಣ್ಣಾಗುತ್ತವೆ. 2020ರ ಫೆಬ್ರುವರಿಯಲ್ಲಿ ಅಲ್ಲಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಟನೆಗಳು ಒಟ್ಟಾಗಿ, ಐದು ವರ್ಷಗಳೊಳಗೆ ಜೀವಂತ ಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನೂ ಸ್ವಯಂಪ್ರೇರಣೆಯಿಂದ ಬಿಡೋಣ ಎಂದು ಕರೆ ಕೊಟ್ಟವು.

ಆ ಕರೆಯಲ್ಲಿ ಸೀಸದ ಹೆಸರೂ ಇರುವುದು ಅತ್ಯಗತ್ಯವಾಗಿತ್ತು. ಹಕ್ಕಿಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಅದರ ಜೊತೆ ಬಿದ್ದ ಚರೆಯನ್ನೂ ನುಂಗುತ್ತವೆ. ಜಠರದಲ್ಲಿ ಸೀಸ ಸವೆದು ರಕ್ತ ಸೇರಿ ಹಕ್ಕಿ ನಿಧಾನವಾಗಿ ಸಾಯುತ್ತದೆ. ಅಮೆರಿಕ 1991ರಿಂದ ಇಡೀ ದೇಶದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿಯಾಗಿ ತೆಗೆದುಹಾಕಿತು. ಬದಲಿಗೆ ಅಗ್ಗವಾಗಿ ಸಿಗುವುದು ಉಕ್ಕಿನ ಚರೆ. ತೊಡಕು ಇರುವುದೂ ಅಲ್ಲೇ: ಉಕ್ಕು ಗಡುಸು, ನೇರವಾಗಿ ತಾಗಿದರೆ ನಳಿಗೆಯನ್ನೇ ಗೀರುತ್ತದೆ, ಆದ್ದರಿಂದ ದಪ್ಪ ಲೋಟ ಬೇಕೇ ಬೇಕು. ಅಂದರೆ ಸೀಸ ಬಿಟ್ಟವರು ಪ್ಲಾಸ್ಟಿಕ್ಕಿಗೆ ಮತ್ತೆ ಕಟ್ಟುಬೀಳಬೇಕಾಯಿತು. ಇದನ್ನು ಬಿಡಿಸಲು ಗಟ್ಟಿ ಕಾಗದದ ಲೋಟ, ನೀರಿನಲ್ಲಿ ಕರಗುವ ಪಾಲಿಮರ್ ಲೋಟಗಳನ್ನು ತಯಾರಕರು ಮಾರುಕಟ್ಟೆಗೆ ತಂದಿದ್ದಾರೆ.

ಹಳೆಯ ತೆಳು ನಳಿಗೆಯ ಜೋಡುಕೋವಿ ಇಟ್ಟುಕೊಂಡವರು ಹಿಡಿದ ದಾರಿ ಬಿಸ್ಮತ್. ಸಾಂದ್ರತೆಯಲ್ಲಿ ಸೀಸ 11.3, ಉಕ್ಕು 7.9, ಬಿಸ್ಮತ್ 9.8. ಉಕ್ಕಿನಷ್ಟು ಗಡುಸಲ್ಲ, ವಿಷವಲ್ಲ, ಫೆಲ್ಟ್ ಬಿಲ್ಲೆಯ ಮೇಲೆ ಧಾರಾಳವಾಗಿ ಕೂರುತ್ತದೆ. ಅದರ ಕೊರತೆ ಎರಡು. ಒಂದು ಬೆಲೆ. ಇನ್ನೊಂದು, ಸೀಸ ಚಪ್ಪಟೆಯಾಗುವ ಕಡೆ ಬಿಸ್ಮತ್ ಒಡೆಯುತ್ತದೆ. ತವರ ಬೆರೆಸಿದರೂ ಅದರ ಪೆಡಸುತನ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬಿಸ್ಮತ್ ತುಂಬುವವರು ಈಗ ಅತಿ ಹೆಚ್ಚು ಗಮನ ಕೊಡುವುದು ಫೆಲ್ಟಿನ ದಪ್ಪಕ್ಕೆ, ಮೊದಲ ಏಟು ಎಷ್ಟು ಮೆತ್ತಗೆ ಬೀಳುತ್ತದೆ ಎಂಬುದಕ್ಕೆ.