ಗ್ವಾಮ್ ರೈಲ್ ಮತ್ತು ಲಾರ್ಡ್ ಹೋವ್ ವುಡ್‌ಹೆನ್: ಒಂದು ಹೋಲಿಕೆ

ಯಾದಗಿರಿ ಜಿಲ್ಲೆಯ ಬೋನಾಳ ಪಕ್ಷಿಧಾಮದಲ್ಲಿ ಕಾಣುವ ನೇರಳೆ ಜಂಬುಕೋಳಿ, ನಾಮದ ಕೋಳಿ, ಹುಂಡುಕೋಳಿಗಳೆಲ್ಲ ರ‍್ಯಾಲಿಡೇ ಕುಟುಂಬಕ್ಕೆ ಸೇರಿದವು. ಇವು ಹಾರಬಲ್ಲವು; ಆದರೆ ಇದೇ ಕುಟುಂಬದ ಹಕ್ಕಿಗಳು, ನೆಲದಲ್ಲಿ ಬೇಟೆಯಾಡುವ ಪ್ರಾಣಿಗಳಿಲ್ಲದ ಸಾಗರದ್ವೀಪಗಳಲ್ಲಿ ನೆಲೆಸಿದ ಕಡೆ, ತಲೆಮಾರುಗಳು ಕಳೆದಂತೆ ಹಾರುವ ಶಕ್ತಿಯನ್ನೇ ಕಳೆದುಕೊಂಡಿವೆ. ಹೈಪೋಟೀನಿಡಿಯ ಕುಲದ ಗ್ವಾಮ್ ರೈಲ್ ಮತ್ತು ಲಾರ್ಡ್ ಹೋವ್ ವುಡ್‌ಹೆನ್ ಎಂಬ ಈ ಎರಡೂ ಹಕ್ಕಿಗಳ ಕಥೆ ಅದೇ.

ಆಸ್ಟ್ರೇಲಿಯದ ಲಾರ್ಡ್ ಹೋವ್ ದ್ವೀಪದಲ್ಲಿ ಹಂದಿ, ಬೆಕ್ಕುಗಳ ಕಾಟದಿಂದ ವುಡ್‌ಹೆನ್ 1970ರ ದಶಕದ ಹೊತ್ತಿಗೆ ಸುಮಾರು 30ಕ್ಕೆ ಇಳಿದು, ಬೆಟ್ಟದ ನೆತ್ತಿಗೆ ಸೀಮಿತವಾಗಿತ್ತು. ಹಂದಿಗಳನ್ನು ನಿರ್ಮೂಲ ಮಾಡಿ, 3 ಜೋಡಿಗಳಿಂದ ಮರಿ ಮಾಡಿಸಿ, ಅದೇ ದ್ವೀಪದಲ್ಲಿ ಬಿಡಲಾಯಿತು.

ಪಶ್ಚಿಮ ಪೆಸಿಫಿಕ್ ಸಾಗರದಲ್ಲಿರುವ ಅಮೆರಿಕದ ದ್ವೀಪ ಗ್ವಾಮ್‌ನಲ್ಲಿ ಶತ್ರು ಕಂದು ಮರಹಾವು. ಎರಡನೇ ಮಹಾಯುದ್ಧದ ನಂತರ ಸರಕಿನೊಡನೆ ಬಂದ ಅದು ದ್ವೀಪದ ಕಾಡುಹಕ್ಕಿಗಳನ್ನು ಬಹುಪಾಲು ಮುಗಿಸಿತು. 1980ರ ದಶಕದಲ್ಲಿ ಹಿಡಿದ 21 ರೈಲ್‌ಗಳಿಂದಲೇ ಈಗಿನ ಸಂತತಿಯೆಲ್ಲ ಬೆಳೆದಿದೆ.

ಇಲ್ಲಿಯೇ ಓದುವವರು ಎಡವುತ್ತಾರೆ. 2019ರಲ್ಲಿ, ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್, ಗ್ವಾಮ್ ರೈಲನ್ನು 'ಕಾಡಿನಲ್ಲಿ ಅಳಿದದ್ದು' ಎಂಬ ವರ್ಗದಿಂದ 'ತೀವ್ರ ಅಪಾಯದಲ್ಲಿರುವುದು' ಎಂಬ ವರ್ಗಕ್ಕೆ ತಂದಿತು. ಆದರೆ ಗ್ವಾಮ್‌ನ ಮುಖ್ಯಭೂಮಿಯಲ್ಲಿ ಆಗಲೂ ಅದರ ಕಾಡುಸಂತತಿ ಇರಲಿಲ್ಲ. ಹಾಗಾದರೆ ವರ್ಗ ಬದಲಾದದ್ದು ಹೇಗೆ? ಒಂದು ಜೀವಿ ಪಂಜರದಲ್ಲಷ್ಟೇ, ಅಥವಾ ತನ್ನ ಹಿಂದಿನ ನೆಲೆಯಿಂದ ಬಹುದೂರದಲ್ಲಷ್ಟೇ ಉಳಿದಿದ್ದರೆ ಅದು ಮೊದಲನೆಯ ವರ್ಗಕ್ಕೆ ಸೇರುತ್ತದೆ. ಆಗ ಹಾವಿಲ್ಲದಿದ್ದ ಕೋಕೋಸ್ ಎಂಬ ಕಿರುದ್ವೀಪ ಗ್ವಾಮ್‌ಗೆ ಅಂಟಿಕೊಂಡಂತೆಯೇ ಇದೆ. 2010ರಲ್ಲಿ ಅಲ್ಲಿ ಬಿಟ್ಟ ಹಕ್ಕಿಗಳು ತಾವಾಗಿ ಮರಿಮಾಡಿ ನೆಲೆಯೂರಿದವು. ಆದ್ದರಿಂದ ವರ್ಗದ ಬದಲಾವಣೆಯನ್ನು 'ಗ್ವಾಮ್‌ಗೆ ಮರಳಿತು' ಎಂದು ಬರೆಯಬಾರದು. ಕ್ಯಾಲಿಫೋರ್ನಿಯ ಕಾಂಡೋರ್ ಎಂಬ ಅಮೆರಿಕದ ರಣಹದ್ದಿನ ನಂತರ ಹೀಗೆ ಮೇಲೆದ್ದ ಎರಡನೆಯ ಹಕ್ಕಿ ಇದು ಎಂಬುದು ನಿಜಕ್ಕೂ ಹರ್ಷ ತರುವ ಸಂಗತಿ.

ಎರಡರ ನಡುವಿನ ವ್ಯತ್ಯಾಸ ಹಕ್ಕಿಯಲ್ಲಿಲ್ಲ, ಶತ್ರುವಿನಲ್ಲಿದೆ. ಸುಮಾರು 15 ಚದರ ಕಿಲೋಮೀಟರಿನ ದ್ವೀಪದಲ್ಲಿ ಹಂದಿಗಳನ್ನು ಹುಡುಕಿ ತೆಗೆಯಬಹುದು. ಸುಮಾರು 540 ಚದರ ಕಿಲೋಮೀಟರಿನ ಗ್ವಾಮ್‌ನಲ್ಲಿ ಮರವೇರಿ ರಾತ್ರಿ ಓಡಾಡುವ ಹಾವನ್ನು ಪೂರ್ತಿ ತೆಗೆಯಲು ಇನ್ನೂ ಆಗಿಲ್ಲ. ಅದೇ 2019ರಲ್ಲಿ ಲಾರ್ಡ್ ಹೋವ್‌ನಲ್ಲಿ ಇಲಿಗಳಿಗೆ ವಿಷವಿಟ್ಟಾಗ, ಅದು ತಗುಲದಿರಲೆಂದು ವುಡ್‌ಹೆನ್‌ಗಳಲ್ಲಿ ಬಹುಪಾಲನ್ನು ಹಿಡಿದು ಕಾಪಾಡಿ, ಆಮೇಲೆ ಬಿಡಲಾಯಿತು. ಅಲ್ಲಿಂದೀಚೆಗೆ ಅವುಗಳ ಸಂಖ್ಯೆ ಹಲವು ಪಟ್ಟು ಏರಿದೆ.