ಗೆಳೆಯ ಬರೆಯುತ್ತಿದ್ದ ಚೀಟಿ

ಮಳೆಗಾಲದ ಜ್ವರದ ಬಗ್ಗೆ, ಅದರಲ್ಲೂ ಇಲಿಜ್ವರದ ಬಗ್ಗೆ ಬರೆಯಿರಿ ಎಂದು ಓದುಗರೊಬ್ಬರು ಕೇಳಿ ತಿಂಗಳಾಯಿತು. ಬರೆಯಲು ಕೂತ ವಾರದಲ್ಲೇ ಗೆಳೆಯನ ವರ್ಷಾಂತಿಕವೂ ಬಂತು. ಇವೆರಡನ್ನು ಬೇರೆ ಮಾಡಿ ಬರೆಯುವುದು ನನ್ನಿಂದಾಗದು. ಈ ರೋಗದ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅವನು ಕಳುಹಿಸಿದ ರೋಗಿಗಳಿಂದ, ಅವರ ಕೈಯಲ್ಲಿರುತ್ತಿದ್ದ ಚೀಟಿಗಳಿಂದ ಕಲಿತದ್ದೇ ಹೆಚ್ಚು. ಹೆಸರು ಹಾಕುವುದು ಬೇಡ ಎಂದು ಮನೆಯವರು ಹೇಳಿದ್ದಾರೆ. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರಿಗೆ ಹೆಸರಿನ ಅಗತ್ಯವೂ ಇಲ್ಲ. ಡಾಕ್ಟ್ರು ಎಂದರೆ ಸಾಕು.

ಮೆಡಿಕಲ್ ಓದುವಾಗ ಹಾಸ್ಟೆಲಿನಲ್ಲಿ ನಮ್ಮದು ಒಂದೇ ಕೋಣೆ. ನಾನು ಮಂಗಳೂರಿನ ಆಸ್ಪತ್ರೆ ಸೇರಿದೆ, ಅವನು ಊರಿಗೆ ಹೋಗಿ ಒಂದು ಹಂಚಿನ ಕಟ್ಟಡದಲ್ಲಿ ಕ್ಲಿನಿಕ್ ತೆರೆದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಾದರೂ, ಕಾಯಿಲೆ ಜೋರಾದಾಗ ಅಲ್ಲಿನ ಉತ್ತರ ಭಾಗದವರು ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಬರುತ್ತಾರೆ. ಹಾಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಏನೂ ಇರುವುದಿಲ್ಲ. ಇದ್ದರೂ 'ಜ್ವರ, ಮುಂದಿನ ಚಿಕಿತ್ಸೆಗಾಗಿ' ಎಂಬ ಒಂದು ಸಾಲು. ಅವನ ಚೀಟಿ ಹಾಗಿರುತ್ತಿರಲಿಲ್ಲ. ಒಂದು ಚೀಟಿ ನನ್ನ ಹತ್ತಿರ ಈಗಲೂ ಉಂಟು, ಯಾವುದೋ ಔಷಧ ಕಂಪೆನಿಯ ಪ್ಯಾಡಿನ ಹಿಂಬದಿಯಲ್ಲಿ ಬರೆದದ್ದು. ರೋಗಿಯ ಗುರುತು ಬಿಟ್ಟು ಹೇಳುವುದಾದರೆ ಹೀಗೆ:

'ಅಡಿಕೆ ತೋಟದ ಕೆಲಸ. ಸೋಮವಾರ ಸಂಜೆಯಿಂದ ಜ್ವರ, ಚಳಿ. ಮೀನಖಂಡ ಮುಟ್ಟಗೊಡುವುದಿಲ್ಲ. ಕಣ್ಣು ಕೆಂಪು, ಗೀಜಿಲ್ಲ. ಎಡಗಾಲಿನ ಬೆರಳ ಸಂದಿಯಲ್ಲಿ ಬಿರುಕು. ನಿನ್ನೆ ಬೇರೆ ಕಡೆ ನೋವಿನ ಇಂಜೆಕ್ಷನ್ ತೆಗೆದುಕೊಂಡಿದ್ದಾನೆ. ಮೂತ್ರ ಹೋಗುತ್ತಿದೆ, ಆದರೂ ಕ್ರಿಯಾಟಿನಿನ್ ನೋಡು. ಡಾಕ್ಸಿಸೈಕ್ಲಿನ್ ಮೊದಲ ಡೋಸ್ ಬೆಳಗ್ಗೆ 10ಕ್ಕೆ ಕೊಟ್ಟಿದ್ದೇನೆ. ಜೊತೆಗೆ ಬರುವವನು ತಮ್ಮ, ಅವನಿಗೆ ಹಣದ ವಿಷಯ ಗೊತ್ತಿಲ್ಲ. ಹೆಂಡತಿಗೆ ಫೋನ್ ಮಾಡು.'

ಇಲಿಜ್ವರದ ಅರ್ಧ ಪಾಠ ಇದರಲ್ಲೇ ಉಂಟು. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣದ ಮೂತ್ರದಲ್ಲಿರುತ್ತದೆ. ದನ, ನಾಯಿಯ ಮೂತ್ರದಲ್ಲೂ ಇರಬಹುದು. ಮಳೆನೀರಿನ ಜೊತೆ ಕೆಸರಿಗೆ, ತೋಟದ ಕಣಿಗೆ ಸೇರಿ, ನಮ್ಮ ಚರ್ಮದ ಗಾಯ, ಬಿರುಕುಗಳಿಂದ ಒಳಗೆ ಹೋಗುತ್ತದೆ. ಇಲಿ ಕಚ್ಚಬೇಕೆಂದೇನೂ ಇಲ್ಲ. ಜುಲೈ, ಆಗಸ್ಟಿನಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ನೆಲದಲ್ಲಿ ನಿಂತು ಪೈಪು ಎಳೆಯುವವರ ಕಾಲು ದಿನವಿಡೀ ನೀರಿನಲ್ಲೇ. ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ 5ರಿಂದ 14 ದಿನ ಹಿಡಿಯುತ್ತದೆ. ಅದಕ್ಕೇ ಅವನು 'ನಿನ್ನೆ ಎಲ್ಲಿಗೆ ಹೋಗಿದ್ದೆ' ಎಂದು ಕೇಳುತ್ತಿರಲಿಲ್ಲ. 'ಹೋದ ವಾರ, ಅದರ ಹಿಂದಿನ ವಾರ ಯಾರ ತೋಟಕ್ಕೆ ಇಳಿದಿದ್ದಿ? ಕಾಲು ಮೇಲಿಡು, ನೋಡುವ' ಎನ್ನುತ್ತಿದ್ದ. ತುಳುವಿನವರಿಗೆ ತುಳುವಿನಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ, ಹವ್ಯಕರ ಅಜ್ಜಿಯಂದಿರಿಗೆ ಅವರದೇ ಕನ್ನಡದಲ್ಲಿ. ಆ ಊರಲ್ಲಿ ಅದೊಂದು ವಿಶೇಷವೇ ಅಲ್ಲ ಬಿಡಿ, ಬಸ್ ಕಂಡಕ್ಟರಿಗೂ ಅಷ್ಟು ಭಾಷೆ ಬರುತ್ತದೆ.

ಮೀನಖಂಡ ಒತ್ತಿ ನೋಡುವುದಕ್ಕೆ ಖರ್ಚಿಲ್ಲ. ಎಲ್ಲ ಜ್ವರದಲ್ಲೂ ಮೈಕೈ ನೋಯುತ್ತದೆ. ಆದರೆ ಕಾಲಿನ ಹಿಂಬದಿಯ ಸ್ನಾಯುವನ್ನು ಮೆಲ್ಲಗೆ ಹಿಸುಕಿದರೂ ರೋಗಿ ಹೌಹಾರಿದರೆ, ಕಣ್ಣು ಗೀಜಿಲ್ಲದೆ ಕೆಂಪಾಗಿದ್ದರೆ, ಅವನು ತೋಟಕ್ಕೆ ಇಳಿಯುವವನಾಗಿದ್ದರೆ, ಲ್ಯಾಬ್ ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಥರದ ಆಂಟಿಬಯಾಟಿಕ್ ಶುರು ಮಾಡಬೇಕು. ಯಾಕೆಂದರೆ ನಾವು ಮಾಮೂಲಾಗಿ ಮಾಡಿಸುವ ಐಜಿಎಂ ಪರೀಕ್ಷೆ (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವಂಥದ್ದು) ಜ್ವರದ ಮೊದಲ ನಾಲ್ಕೈದು ದಿನ ನೆಗೆಟಿವ್ ಬರಬಹುದು. 'ನೆಗೆಟಿವ್ ಬಂದಿದೆ, ಇಲಿಜ್ವರ ಅಲ್ಲವಂತೆ' ಎಂದು ಮನೆಗೆ ಹೋದವರು ಕಣ್ಣು ಹಳದಿಯಾದ ಮೇಲೆ ವಾಪಸು ಬರುವುದನ್ನು ಪ್ರತಿ ಮಳೆಗಾಲ ನೋಡುತ್ತೇನೆ.

ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ರಕ್ತಪರೀಕ್ಷೆಯ ವಿಷಯ ಇನ್ನೂ ಸೂಕ್ಷ್ಮ. ಕಿಡ್ನಿ ಕೆಟ್ಟರೆ ಮೂತ್ರ ನಿಲ್ಲುತ್ತದೆ ಎಂಬುದು ಜನರ ನಂಬಿಕೆ. ಇಲಿಜ್ವರದಲ್ಲಿ ಮೊದಮೊದಲು ಮೂತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ, ಒಳಗೆ ಕಿಡ್ನಿ ಸೋಲುತ್ತಿರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗುತ್ತಿರುತ್ತದೆ. ರಕ್ತಪರೀಕ್ಷೆ ಮಾಡದೆ ಇದು ತಿಳಿಯದು. ಇಂಥ ಹೊತ್ತಿನಲ್ಲಿ ನೋವಿನ ಇಂಜೆಕ್ಷನ್ ಕಿಡ್ನಿಗೆ ಇನ್ನೊಂದು ಏಟು. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕಿದರೆ, ಬೇಕಾದವರಿಗೆ ಕೆಲವು ಸಲ ಡಯಾಲಿಸಿಸ್ ಮಾಡಿದರೆ, ಕಿಡ್ನಿ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಶ್ವಾಸಕೋಶದಲ್ಲಿ ರಕ್ತಸ್ರಾವವಾದರೆ ಮಾತ್ರ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಕೆಮ್ಮಿದಾಗ ರಕ್ತ ಕಂಡರೆ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

'ಸೋಮವಾರ ಸಂಜೆಯಿಂದ' ಎಂದು ಅವನು ವಾರ, ಹೊತ್ತು ಸಮೇತ ಬರೆದದ್ದೂ ಸುಮ್ಮನೆ ಅಲ್ಲ. ಡೆಂಗಿಯಾದರೆ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಕ್ಕೆ ಸರಿ, ಆಮೇಲೆ ಐಜಿಎಂ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು, ಹೆಚ್ಚಾಗಿ ಮೂರರಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಡುವಾಗ ಹೊಟ್ಟೆನೋವು, ಬಿಡದ ವಾಂತಿ, ಸುಸ್ತು ಶುರುವಾದರೆ ಆಸ್ಪತ್ರೆಗೆ ಹೊರಡಬೇಕು. ದಿನದ ಲೆಕ್ಕ ತಪ್ಪಿದರೆ ಇದೆಲ್ಲವೂ ತಪ್ಪುತ್ತದೆ. ಪ್ಲೇಟ್ಲೆಟ್ ಸಂಖ್ಯೆ ಮತ್ತು ಪಪ್ಪಾಯಿ ಎಲೆಯ ರಸದ ಬಗ್ಗೆ ಅವನಿಗಿದ್ದ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಅವನದೊಂದು ಉದ್ದ ಪುಸ್ತಕ ಇತ್ತು, ಅಂಗಡಿಯ ಲೆಕ್ಕದ ಪುಸ್ತಕದ ಅಳತೆಯದ್ದು. ರೋಗಿಗಳನ್ನು ಅದರಲ್ಲಿ ಬರೆಯುತ್ತಿದ್ದದ್ದು ಮನೆಯ ಹೆಸರಿನ ಮೇಲೆ. ಒಂದೇ ತೋಡಿನ ಬದಿಯ ಎರಡು ಮೂರು ಮನೆಗಳಲ್ಲಿ ಜ್ವರ ಕಂಡರೆ ಪುಟ ತಿರುಗಿಸುವಾಗಲೇ ಕಣ್ಣಿಗೆ ಬೀಳುತ್ತಿತ್ತು. ದೊಡ್ಡ ಆಸ್ಪತ್ರೆಗೆ ಈ ಕಣ್ಣಿಲ್ಲ. ನಮ್ಮಲ್ಲಿಗೆ ಬರುವಷ್ಟರಲ್ಲಿ ಒಬ್ಬ ಮೆಡಿಸಿನ್ ವಾರ್ಡಿನಲ್ಲಿ, ಇನ್ನೊಬ್ಬ ಐಸಿಯುವಿನಲ್ಲಿ, ಮತ್ತೊಬ್ಬ ಬೇರೆ ಆಸ್ಪತ್ರೆಯಲ್ಲಿ. ಮೂವರೂ ನೆರೆಮನೆಯವರು ಎಂದು ಹೇಳುವವರಿಲ್ಲ.

ಆ ಸೀಮೆಯಲ್ಲಿ ಇಂಥ ಬರವಣಿಗೆಗೆ ಎಷ್ಟು ಬೆಲೆಯೆಂದು ಜಗತ್ತಿಗೇ ಗೊತ್ತಾಗಿದೆ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ತನ್ನ ಬಳಿಗೆ ಬರುವವರ ಕಾಯಿಲೆಗಳು ಸಹಜವಲ್ಲ ಎಂದು ಗಮನಿಸಿ ಬರೆದವರು ಅಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್. ಗುಡ್ಡಗಳ ಮೇಲಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. 2011ರಲ್ಲಿ ಅಪಾಯಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಅದು ಸೇರಿತು, ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ತಡೆ ಹಾಕಿತು. ಮೊದಲ ಸಂಶಯ ಹುಟ್ಟಿದ್ದು ಹಳ್ಳಿಯ ವೈದ್ಯರ ಮೇಜಿನಲ್ಲಿ. ಗೆಳೆಯ ಈ ಮಾತು ಬಂದಾಗಲೆಲ್ಲ ನನ್ನ ಮುಖ ನೋಡಿ, 'ನಿಮ್ಮ ಸ್ಕ್ಯಾನಿಂಗ್ ಮಿಷನಿನಲ್ಲಿ ಬರಲಿಲ್ಲ ಅಲ್ವಾ ಮಾರಾಯ?' ಎನ್ನುತ್ತಿದ್ದ. ತಾಳಮದ್ದಳೆಯ ಹುಚ್ಚಿದ್ದವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವನು ಬೇರೆ. ಎದುರು ಪಾತ್ರದವನನ್ನು ಸುಮ್ಮನೆ ಬಿಟ್ಟವನಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ ಕಡೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟು ದಿನ ನಾವಿಬ್ಬರೂ ಫೋನಿನಲ್ಲೇ ವೈದ್ಯಕೀಯ ಮಾಡಿದೆವು. ಎಲ್ಲರನ್ನೂ ಉಳಿಸಲಾಗಲಿಲ್ಲ.

ನಮ್ಮ ಡಿಸ್ಚಾರ್ಜ್ ಸಮ್ಮರಿಗಳನ್ನು ಕಂಡರೆ ಅವನಿಗೆ ಸಿಟ್ಟು. 'ಇಷ್ಟು ಪುಟ ಕೊಟ್ಟಿದ್ದೀರಿ, ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಒಂದು ಗೆರೆ ಇಲ್ಲ. ಆಸ್ಪತ್ರೆಯವರು ಬರೆದದ್ದು ಅಂತ ಅಜ್ಜಿ ಗ್ಯಾಸಿನ ಮಾತ್ರೆಯನ್ನು ಎರಡು ವರ್ಷದಿಂದ ನುಂಗುತ್ತಾ ಇದ್ದಾರೆ.' ಈಗ ನನ್ನ ಯೂನಿಟಿನಲ್ಲಿ ಕೊನೆಯ ಪುಟದ ಕೆಳಗೆ ನಿಲ್ಲಿಸಬೇಕಾದ ಮಾತ್ರೆ, ಮತ್ತೆ ಮಾಡಿಸಬೇಕಾದ ಪರೀಕ್ಷೆ, ಅದರ ತಾರೀಕು ಬರೆಯಲೇಬೇಕೆಂಬ ನಿಯಮವುಂಟು. ಕಿರಿಯ ವೈದ್ಯರಿಗೆ ಇದು ಎಲ್ಲಿಂದ ಬಂತೆಂದು ಗೊತ್ತಿಲ್ಲ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅವನನ್ನು ಕೆಲವೇ ತಿಂಗಳಲ್ಲಿ ಕೊಂಡೊಯ್ದಿತು. ಕ್ಲಿನಿಕ್ ಮುಚ್ಚಿದೆ. ಈ ಮಳೆಗಾಲ ಆ ಕಡೆಯಿಂದ ಬರುವವರ ಕೈಯಲ್ಲಿ ಚೀಟಿ ಇಲ್ಲ. ಬರೆಯುವವರಿಲ್ಲದಿದ್ದರೆ ನೀವೇ ಬರೆದು ತನ್ನಿ, ಯಾವ ಭಾಷೆಯಲ್ಲಾದರೂ ಸರಿ. ಜ್ವರ ಶುರುವಾದ ದಿನ ಮತ್ತು ಹೊತ್ತು, ಅದಕ್ಕೆ ಹಿಂದಿನ ಎರಡು ವಾರ ಇಳಿದ ತೋಟ, ಗದ್ದೆ, ತೋಡು, ತೆಗೆದುಕೊಂಡ ಇಂಜೆಕ್ಷನ್. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ತನ್ನಿ. ಕಾಲಲ್ಲಿ ಬಿರುಕಿದ್ದರೆ ಗಂಬೂಟ್ಸ್ ಇಲ್ಲದೆ ತೋಟಕ್ಕೆ ಇಳಿಯಬೇಡಿ. ದಿನವೂ ಕೆಸರಿನಲ್ಲಿ ದುಡಿಯುವವರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವ ಕ್ರಮವುಂಟು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ, ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಅದು ಆಗದು. ಊಟವಾದ ಮೇಲೆ ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಗಂಟಲಿನ ಕೆಳಗೆ ಸುಟ್ಟು ಹುಣ್ಣಾಗುತ್ತದೆ.